ಬೋಲ್ಟಿನ ರಂಧ್ರವೂ ಭಾರದ ದಾರಿಯೂ

ಯಂತ್ರದ ಒಂದು ಭಾಗವನ್ನು ಇನ್ನೊಂದಕ್ಕೆ ಬೋಲ್ಟುಗಳಿಂದ ಬಿಗಿದಾಗ ಆ ಭಾಗದ ಮೇಲಿನ ಭಾರವು ಯಾವ ಮೇಲ್ಮೈಯಿಂದ ಒಳಬಂದು ಯಾವ ಮೇಲ್ಮೈಯಿಂದ ಹೊರಹೋಗುತ್ತದೆ ಎಂಬ ಪ್ರಶ್ನೆಗೆ ಕಣ್ಣಿಗೆ ತೋರುವ ಉತ್ತರ ಒಂದು, ನಿಜವಾದ ಉತ್ತರ ಇನ್ನೊಂದು. ಕಣ್ಣಿಗೆ ತೋರುವುದು ರಂಧ್ರ. ಬೋಲ್ಟು ಅದರೊಳಗೆ ತೂರಿ ನಿಂತಿರುವುದರಿಂದ ಭಾರವೂ ಅದರ ಒಳಗೋಡೆಯ ಮೂಲಕವೇ ದಾಟುತ್ತದೆಂದು ಅನ್ನಿಸುವುದು ಸಹಜ. ಆದರೆ ಸರಿಯಾಗಿ ಬಿಗಿದ ಸಾಮಾನ್ಯ ಜೋಡಣೆಯಲ್ಲಿ ಬೋಲ್ಟಿನ ದಂಡವು ರಂಧ್ರದ ಗೋಡೆಯನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. 10 ಮಿ.ಮೀ. ವ್ಯಾಸದ ಎಂ10 ಬೋಲ್ಟಿಗೆ ವಾಡಿಕೆಯಾಗಿ ಕೊರೆಯುವ ರಂಧ್ರದ ವ್ಯಾಸ 11 ಮಿ.ಮೀ.; ಸುತ್ತಲೂ ಉಳಿದಿರುವುದು ಅರ್ಧ ಮಿ.ಮೀ. ಗಾಳಿ. ಗಾಳಿ ಭಾರವನ್ನು ಸಾಗಿಸುವುದಿಲ್ಲ. ಹೀಗಿದ್ದೂ ಗಣಕದಲ್ಲಿ ಇಂತಹ ಭಾಗಗಳ ಬಲಪರೀಕ್ಷೆ ನಡೆಸುವಾಗ ಅತಿ ಹೆಚ್ಚು ಸಲ ಭಾರವನ್ನು ಹೇರುವುದೂ ಭಾಗವನ್ನು ಹಿಡಿದು ನಿಲ್ಲಿಸುವುದೂ ಈ ಒಳಗೋಡೆಯ ಮೇಲೆಯೇ, ಏಕೆಂದರೆ ಪರದೆಯ ಮೇಲೆ ಗುರುತಿಸಲು ಅದಕ್ಕಿಂತ ಸುಲಭವಾದ ಮೇಲ್ಮೈ ಮತ್ತೊಂದಿಲ್ಲ.

ಪರಿಮಿತ ಘಟಕ ವಿಶ್ಲೇಷಣೆ, ಅಂದರೆ ಫೈನೈಟ್ ಎಲಿಮೆಂಟ್ ಅನಾಲಿಸಿಸ್, ಎಂಬುದು ಒಂದು ಘನವಸ್ತುವನ್ನು ಸಾವಿರಾರು ಸಣ್ಣ ತುಂಡುಗಳ ಒಂದು ಜಾಲವಾಗಿ ವಿಂಗಡಿಸಿ, ತುಂಡುಗಳು ಕೂಡುವ ಬಿಂದುಗಳಾದ ನೋಡ್‌ಗಳ ಚಲನೆಯನ್ನು ಸಮೀಕರಣಗಳ ಮೂಲಕ ಕಂಡುಹಿಡಿದು, ಆ ಚಲನೆಯಿಂದ ವಸ್ತುವಿನೊಳಗಿನ ಪೀಡನವನ್ನು, ಎಂದರೆ ಏಕಮಾನ ವಿಸ್ತೀರ್ಣದ ಮೇಲಿನ ಆಂತರಿಕ ಬಲವನ್ನು, ಲೆಕ್ಕಹಾಕುವ ವಿಧಾನ. ಬೋಯಿಂಗ್ ಕಂಪನಿಯ ವಿಮಾನ ರಚನೆಗಳ ಸಲುವಾಗಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ 1956ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಇಂದಿನ ರೂಪಕ್ಕೆ ಬರತೊಡಗಿತು. 1960ರಲ್ಲಿ ಕ್ಲಫ್ ಅದಕ್ಕೆ ಈಗಿರುವ ಹೆಸರನ್ನು ಕೊಟ್ಟರು. ಈ ವಿಧಾನದ ಗಣಿತ ಇಂದು ಅತ್ಯಂತ ವಿಶ್ವಾಸಾರ್ಹ. ಕೊಟ್ಟ ಆಕಾರ, ಕೊಟ್ಟ ಲೋಹ, ಕೊಟ್ಟ ಭಾರ, ಕೊಟ್ಟ ಆಧಾರ ಇವಿಷ್ಟಕ್ಕೆ ಉತ್ತರವನ್ನು ಅದು ಬೇಕಾದಷ್ಟು ನಿಖರವಾಗಿ ಕೊಡುತ್ತದೆ. ಆದರೆ ಕೊಟ್ಟ ಭಾರ ಮತ್ತು ಕೊಟ್ಟ ಆಧಾರ ಎಂಬ ಎರಡು ಮಾತುಗಳ ಹಿಂದೆ ಏನಿದೆ ಎಂಬುದನ್ನು ತಂತ್ರಾಂಶ ವಿಚಾರಿಸುವುದಿಲ್ಲ. ಒಂದು ಭಾಗವನ್ನು ಅದರ ನೆರೆಹೊರೆಯಿಂದ ಕತ್ತರಿಸಿ ತೆಗೆದಾಗ, ಕತ್ತರಿಸಿದ ಗಡಿಯಲ್ಲಿ ನೆರೆಯ ಭಾಗ ಏನು ಮಾಡುತ್ತಿತ್ತೋ ಅದನ್ನು ಬಾಣದ ಗುರುತಾಗಿ ಬರೆದಿಡುವುದೇ ಭಾರ ಹೇರುವ ಕೆಲಸ. ಅದು ನೆರೆಯ ವಸ್ತುವಿನ ವರ್ತನೆಯ ಕುರಿತು ವಿಶ್ಲೇಷಕರು ನೀಡುವ ಹೇಳಿಕೆ. ಹೇಳಿಕೆ ಸುಳ್ಳಾದರೆ, ಅದರ ಮೇಲೆ ನಿಂತ ಎಷ್ಟು ಸೂಕ್ಷ್ಮವಾದ ಜಾಲವೂ, ಪೀಡನವನ್ನು ಬಣ್ಣಗಳಲ್ಲಿ ತೋರಿಸುವ ಎಷ್ಟು ಅಂದವಾದ ಚಿತ್ರವೂ ಸತ್ಯವನ್ನು ಹೇಳಲಾರದು.

ಬೋಲ್ಟಿನ ವಿಷಯದಲ್ಲಿ ಈ ಹೇಳಿಕೆ ಕಠಿಣವಾಗುವುದಕ್ಕೆ ಕಾರಣ, ಅಲ್ಲಿ ಕೆಲಸ ಮಾಡುವ ಅತಿ ದೊಡ್ಡ ಬಲವು ಹೊರಗಿನಿಂದ ಬರುವುದೇ ಇಲ್ಲ ಎಂಬುದು. ನಟ್ಟನ್ನು ಸ್ಪಾನರಿನಿಂದ ತಿರುಗಿಸಿದಾಗ ಬೋಲ್ಟು ಒಂದು ಗಡುಸಾದ ಸ್ಪ್ರಿಂಗಿನಂತೆ ಹಿಗ್ಗುತ್ತದೆ, ನಡುವಿನ ತಗಡುಗಳು ಅಷ್ಟೇ ಬಲದಿಂದ ಒಂದನ್ನೊಂದು ಒತ್ತಿಕೊಳ್ಳುತ್ತವೆ. ಹೊರಗಿನ ಭಾರ ಬೀಳುವ ಮೊದಲೇ ಜೋಡಣೆಯೊಳಗೆ ಸಂಗ್ರಹವಾಗುವ ಈ ಬಲಕ್ಕೆ ಪೂರ್ವಬಿಗಿತ ಎನ್ನಬಹುದು. ಕಾರ್ಖಾನೆಗಳಲ್ಲಿ ಪ್ರೀಲೋಡ್ ಎಂಬ ಮಾತೇ ಬಳಕೆಯಲ್ಲಿದೆ. 8.8 ದರ್ಜೆಯ ಎಂ10 ಬೋಲ್ಟನ್ನು ತೆಗೆದುಕೊಂಡರೆ, ಅದರ ಎಳೆಗಳ ಭಾಗದಲ್ಲಿ ಬಲ ಹೊರುವ ವಿಸ್ತೀರ್ಣ 58 ಚದರ ಮಿ.ಮೀ., ಶಾಶ್ವತವಾಗಿ ಹಿಗ್ಗದೆ ಅದು ತಾಳಬಲ್ಲ ಪ್ರೂಫ್ ಲೋಡ್ ಸುಮಾರು 33.6 ಕಿಲೋನ್ಯೂಟನ್. ಅದರ ಮುಕ್ಕಾಲು ಭಾಗದಷ್ಟು, ಅಂದರೆ ಸುಮಾರು 25 ಕಿಲೋನ್ಯೂಟನ್, ಪೂರ್ವಬಿಗಿತ ಕೊಡುವುದು ರೂಢಿ. ಒಂದು ಸಣ್ಣ ಬೋಲ್ಟು, ಹೊರಗಿನ ಭಾರ ಒಂದಿಷ್ಟೂ ಇಲ್ಲದಿರುವಾಗ, ಎರಡೂವರೆ ಟನ್ ತೂಕಕ್ಕೆ ಸಮನಾದ ಬಲದಿಂದ ತಗಡುಗಳನ್ನು ಹಿಡಿದಿರುತ್ತದೆ ಎಂದಾಯಿತು.

ಹೀಗೆ ಒತ್ತಿಹಿಡಿದ ತಗಡುಗಳನ್ನು ಪಕ್ಕಕ್ಕೆ ಜಾರಿಸಲು ಯತ್ನಿಸುವ ಬಲವನ್ನು ತಡೆಯುವುದು ತಗಡುಗಳ ನಡುವಿನ ಘರ್ಷಣೆ. ಘರ್ಷಣೆ ಸೋತು ತಗಡು ಜಾರಿದ ಮೇಲಷ್ಟೇ ರಂಧ್ರದ ಗೋಡೆ ಬೋಲ್ಟಿನ ದಂಡಕ್ಕೆ ತಾಗುತ್ತದೆ. ಭಾರತದ ಉಕ್ಕಿನ ರಚನೆಗಳ ಸಂಹಿತೆಯಾದ ಐಎಸ್ 800 ತನ್ನ 2007ರ ಆವೃತ್ತಿಯಲ್ಲಿ ಈ ಎರಡು ಬಗೆಗಳನ್ನು ಬೇರೆಬೇರೆಯಾಗಿಯೇ ಪರಿಗಣಿಸುತ್ತದೆ: ದಂಡವು ಗೋಡೆಗೆ ಒರಗಿ ಭಾರ ಹೊರುವ ಬೇರಿಂಗ್ ಬಗೆಯ ಜೋಡಣೆ ಒಂದು, ಬಿಗಿತದಿಂದ ಹುಟ್ಟುವ ಘರ್ಷಣೆಯೇ ಭಾರ ಹೊರುವ ಫ್ರಿಕ್ಷನ್ ಗ್ರಿಪ್ ಬಗೆಯ ಜೋಡಣೆ ಇನ್ನೊಂದು. ವಿಶ್ಲೇಷಕರು ತಮ್ಮ ಮುಂದಿರುವ ಜೋಡಣೆ ಇವೆರಡರಲ್ಲಿ ಯಾವುದು ಎಂಬುದನ್ನು ತೀರ್ಮಾನಿಸದೆ ಗಣಕದಲ್ಲಿ ಒಂದು ಬಾಣವನ್ನೂ ಎಳೆಯಬಾರದು. ವಾಸ್ತವದಲ್ಲಿ ಮಾತ್ರ ಬಾಣ ಮೊದಲು ಬರುತ್ತದೆ, ತೀರ್ಮಾನವು ಆ ಬಾಣದೊಳಗೆ ಯಾರ ಗಮನಕ್ಕೂ ಬಾರದಂತೆ ಸೇರಿಹೋಗಿರುತ್ತದೆ.

ಎಳೆತದ ದಿಕ್ಕಿನಲ್ಲಿಯೂ ಪೂರ್ವಬಿಗಿತದ ಪರಿಣಾಮ ಅನಿರೀಕ್ಷಿತವಾದುದು. ಬಿಗಿದ ಜೋಡಣೆಯನ್ನು ಹೊರಗಿನ ಬಲವು ಬೇರ್ಪಡಿಸಲು ಎಳೆದಾಗ ಆ ಬಲ ಪೂರ್ತಿಯಾಗಿ ಬೋಲ್ಟಿಗೆ ಸೇರುವುದಿಲ್ಲ. ಅದರ ಹೆಚ್ಚಿನ ಪಾಲು ತಗಡುಗಳ ನಡುವಿನ ಒತ್ತನ್ನು ಸಡಿಲಿಸುವುದರಲ್ಲಿ ಮುಗಿದುಹೋಗುತ್ತದೆ. ಬೋಲ್ಟು ಮತ್ತು ತಗಡುಗಳ ಸ್ಟಿಫ್‌ನೆಸ್, ಅಂದರೆ ಒಂದು ಮಿ.ಮೀ. ಹಿಗ್ಗಿಸಲು ಅಥವಾ ಕುಗ್ಗಿಸಲು ಬೇಕಾಗುವ ಬಲ, ಯಾವ ಅನುಪಾತದಲ್ಲಿದೆಯೋ ಅದರಂತೆ ಹಂಚಿಕೆ ನಡೆಯುತ್ತದೆ. ಉಕ್ಕಿನ ತಗಡುಗಳಲ್ಲಿ ಬೋಲ್ಟಿನ ಪಾಲು ಹೆಚ್ಚಾಗಿ ಐದನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ತಗಡುಗಳು ಪರಸ್ಪರ ಒತ್ತಿಕೊಂಡಿರುವವರೆಗೆ ಮಾತ್ರ ಈ ರಕ್ಷಣೆ; ಅವು ಬಾಯಿ ತೆರೆದ ಗಳಿಗೆಯಿಂದ ಹೊರಗಿನ ಬಲದ ಪ್ರತಿಯೊಂದು ನ್ಯೂಟನ್ನೂ ನೇರವಾಗಿ ಬೋಲ್ಟಿನ ಮೇಲೆ ಬೀಳುತ್ತದೆ.

ಇಷ್ಟನ್ನು ಒಂದು ಸಾಧಾರಣ ಉದಾಹರಣೆಯಲ್ಲಿಟ್ಟು ನೋಡಿದರೆ ತಪ್ಪಿನ ಗಾತ್ರ ಅಂಕಿಗಳಲ್ಲೇ ಕಾಣುತ್ತದೆ. ದಪ್ಪ ಉಕ್ಕಿನ ಗೋಡೆಗೆ ಬೋಲ್ಟುಗಳಿಂದ ಬಿಗಿದ ಒಂದು ಬ್ರಾಕೆಟ್ ಇದೆಯೆಂದೂ, ಅದರ ಹಿಂಬದಿಯ ತಗಡು 200 ಮಿ.ಮೀ. ಎತ್ತರ, 150 ಮಿ.ಮೀ. ಅಗಲವಿದೆಯೆಂದೂ, ಕೆಳ ಅಂಚಿನಿಂದ 50 ಮಿ.ಮೀ. ಎತ್ತರದಲ್ಲಿ ಎರಡು, 150 ಮಿ.ಮೀ. ಎತ್ತರದಲ್ಲಿ ಎರಡು, ಹೀಗೆ ನಾಲ್ಕು ಎಂ10 ಬೋಲ್ಟುಗಳಿವೆಯೆಂದೂ, ಗೋಡೆಯಿಂದ 300 ಮಿ.ಮೀ. ದೂರದಲ್ಲಿ 4 ಕಿಲೋನ್ಯೂಟನ್ ಭಾರ ಕೆಳಮುಖವಾಗಿ ಎಳೆಯುತ್ತಿದೆಯೆಂದೂ ಇಟ್ಟುಕೊಳ್ಳಬಹುದು. ಭಾರ ಮತ್ತು ದೂರದ ಗುಣಲಬ್ಧವಾದ ಮೊಮೆಂಟ್, ಎಂದರೆ ಬ್ರಾಕೆಟ್ಟನ್ನು ಗೋಡೆಯಿಂದ ಮುಂದಕ್ಕೆ ಮಗುಚಲು ಯತ್ನಿಸುವ ಪರಿಣಾಮ, 1,200 ನ್ಯೂಟನ್ ಮೀಟರ್ ಆಗುತ್ತದೆ. ನಾಲ್ಕು ಬೋಲ್ಟುಗಳ ಒಟ್ಟು ಪೂರ್ವಬಿಗಿತ 100 ಕಿಲೋನ್ಯೂಟನ್. ಮೇಲ್ಮೈಯಲ್ಲಿ ಎಣ್ಣೆಯ ಪಸೆ ಇರಬಹುದೆಂಬ ಜಾಗ್ರತೆಯಿಂದ ಘರ್ಷಣಾಂಕವನ್ನು 0.15 ಎಂದು ಹಿಡಿದರೂ ಜಾರಿಕೆಗೆ 15 ಕಿಲೋನ್ಯೂಟನ್ ತಡೆ ಸಿಗುತ್ತದೆ. ಬೇಕಾಗಿರುವುದು ನಾಲ್ಕು. ಆದ್ದರಿಂದ ಬ್ರಾಕೆಟ್ ಜಾರುವುದಿಲ್ಲ, ರಂಧ್ರದ ಗೋಡೆಗಳು ಬೋಲ್ಟುಗಳನ್ನು ತಾಗುವುದಿಲ್ಲ, ಕೆಳಮುಖ ಭಾರ ಪೂರ್ತಿಯಾಗಿ ತಗಡು ಮತ್ತು ಗೋಡೆ ಕೂಡುವ ಮುಖದಲ್ಲೇ ದಾಟುತ್ತದೆ.

ಮೊಮೆಂಟಿನ ವಿಷಯಕ್ಕೆ ಬಂದರೆ, ತಗಡು ಬಾಗದೆ ತನ್ನ ಕೆಳ ಅಂಚನ್ನು ಗೋಡೆಗೆ ಊರಿ ಮಗುಚಲು ನೋಡುತ್ತದೆಂಬ ಹಳೆಯ, ಜಾಗ್ರತೆಯ ಕೈಲೆಕ್ಕದಂತೆ ಮೇಲಿನ ಪ್ರತಿ ಬೋಲ್ಟಿನ ಸ್ಥಾನದಲ್ಲಿ 3.6 ಕಿಲೋನ್ಯೂಟನ್, ಕೆಳಗಿನ ಪ್ರತಿ ಬೋಲ್ಟಿನಲ್ಲಿ 1.2 ಕಿಲೋನ್ಯೂಟನ್ ಎಳೆತ ಬರುತ್ತದೆ. ಪೂರ್ವಬಿಗಿತ ಇರುವಾಗ ಮೇಲಿನ ಬೋಲ್ಟು ಆ 3.6ರಲ್ಲಿ ಐದನೆಯ ಒಂದು ಭಾಗವನ್ನು, ಅಂದರೆ ಸುಮಾರು 720 ನ್ಯೂಟನ್ನನ್ನು ಮಾತ್ರ ಅನುಭವಿಸುತ್ತದೆ; ಅದರ ಒಟ್ಟು ಎಳೆತ 25ರಿಂದ 25.7 ಕಿಲೋನ್ಯೂಟನ್ನಿಗೆ ಏರುತ್ತದೆ, ಅಷ್ಟೆ. ಭಾರವು ದಿನವೂ ಸಾವಿರಾರು ಸಲ ಬಂದುಹೋಗುವಂತಿದ್ದರೆ ಈ ವ್ಯತ್ಯಾಸಕ್ಕೆ ಪ್ರಾಣದ ಬೆಲೆಯಿದೆ, ಏಕೆಂದರೆ ಲೋಹದ ದಣಿವು, ಎಂದರೆ ಮತ್ತೆಮತ್ತೆ ಏರಿಳಿಯುವ ಪೀಡನದಿಂದ ಬಿರುಕು ಹುಟ್ಟಿ ಬೆಳೆಯುವ ಕ್ರಿಯೆ, ಮುಖ್ಯವಾಗಿ ಬಲದ ಏರಿಳಿತಕ್ಕೆ ಸ್ಪಂದಿಸುತ್ತದೆ. ಬಿಗಿದ ಬೋಲ್ಟಿನಲ್ಲಿ ಪೀಡನದ ಏರಿಳಿತ ಸುಮಾರು 12 ಮೆಗಾಪಾಸ್ಕಲ್. ಬಿಗಿತವನ್ನು ಕಳೆದುಕೊಂಡ ಅದೇ ಬೋಲ್ಟಿನಲ್ಲಿ 62.

ಈಗ ಇದೇ ಬ್ರಾಕೆಟ್ಟನ್ನು ನಾಲ್ಕೂ ರಂಧ್ರಗಳ ಒಳಗೋಡೆಗಳನ್ನು ಅಲುಗದಂತೆ ಹಿಡಿದು, ಹಿಂಬದಿಯ ಗೋಡೆಯನ್ನು ಮಾದರಿಯಿಂದ ಬಿಟ್ಟು ವಿಶ್ಲೇಷಿಸಿದರೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಗೋಡೆ ಇಲ್ಲದ್ದರಿಂದ ತಗಡಿನ ಕೆಳ ಅಂಚು ಯಾವುದಕ್ಕೂ ಊರಿಕೊಳ್ಳಲಾರದು. ಮೊಮೆಂಟನ್ನು ತಡೆಯುವ ಹೊಣೆ ಮೇಲಿನ ಮತ್ತು ಕೆಳಗಿನ ರಂಧ್ರಗಳ ಜೋಡಿಗೆ ಬೀಳುತ್ತದೆ. ಅವುಗಳ ನಡುವಿನ ಅಂತರ 100 ಮಿ.ಮೀ. ಆದುದರಿಂದ ಸ್ಥೂಲವಾಗಿ ಮೇಲಿನ ಪ್ರತಿ ರಂಧ್ರದಲ್ಲಿ 6 ಕಿಲೋನ್ಯೂಟನ್ ಎಳೆತ, ಕೆಳಗಿನ ಪ್ರತಿ ರಂಧ್ರದಲ್ಲಿ 6 ಕಿಲೋನ್ಯೂಟನ್ ಒತ್ತು ಕಾಣಿಸಿಕೊಳ್ಳುತ್ತದೆ. ಮೇಲಿನ ಅಂಕಿ ಕೈಲೆಕ್ಕದ 3.6ಕ್ಕೆ ಹೋಲಿಸಿದರೆ ಮೂರನೆಯ ಎರಡು ಭಾಗದಷ್ಟು ಹೆಚ್ಚು. ಕೆಳಗಿನದು ಅದಕ್ಕಿಂತ ಗಂಭೀರವಾದ ತಪ್ಪು: ಅದರ ಚಿಹ್ನೆಯೇ ತಿರುಗಿದೆ. ಬೋಲ್ಟು ಎಳೆಯಬಲ್ಲುದೇ ಹೊರತು ತಗಡನ್ನು ಮುಂದಕ್ಕೆ ತಳ್ಳಲಾರದು. ತಳ್ಳುವ ಕೆಲಸ ಗೋಡೆಯದು, ಆ ಗೋಡೆಯನ್ನು ಮಾದರಿಯಿಂದ ಕೈಬಿಡಲಾಗಿದೆ. ಚಲನೆಯನ್ನು ದೊಡ್ಡದಾಗಿಸಿ ತೋರಿಸುವಂತೆ ತಂತ್ರಾಂಶಕ್ಕೆ ಹೇಳಿದರೆ ತಗಡಿನ ಕೆಳಭಾಗ ಗೋಡೆ ಇರಬೇಕಾದ ಜಾಗದೊಳಗೆ ತೂರಿಕೊಂಡಿರುವುದು ಕಾಣುತ್ತದೆ, ಆದರೆ ಅದನ್ನು ನೋಡುವ ಅಭ್ಯಾಸ ಕಡಿಮೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಉಂಟು. ತಗಡಿನ ಹಿಂಬದಿಯ ಇಡೀ ಮುಖವನ್ನೇ ಅಲುಗದಂತೆ ಹಿಡಿದುಬಿಟ್ಟರೆ, ತಗಡನ್ನು ಗೋಡೆಗೆ ಅಂಟಿಸಿದಂತಾಗಿ, ಬೋಲ್ಟುಗಳಿಗೆ ಕೆಲಸವೇ ಉಳಿಯುವುದಿಲ್ಲ. ಆದರೆ ವಾಸ್ತವದಲ್ಲಿ, ಜರ್ಮನಿಯ ರೋಚರ್ 1927ರಲ್ಲಿ ಸೂಚಿಸಿದಂತೆ, ಬೋಲ್ಟಿನ ಒತ್ತು ತಲೆಯ ಕೆಳಗಿನಿಂದ ಒಂದು ಶಂಕುವಿನ ಆಕಾರದಲ್ಲಿ ತಗಡಿನೊಳಗೆ ಹರಡುತ್ತದೆ. 20 ಮಿ.ಮೀ. ವ್ಯಾಸದ ವಾಷರಿನ ಕೆಳಗೆ 12 ಮಿ.ಮೀ. ದಪ್ಪದ ತಗಡಿದ್ದು, ಶಂಕುವಿನ ಓರೆಯನ್ನು 30 ಡಿಗ್ರಿ ಎಂದು ಹಿಡಿದರೆ, ಗೋಡೆಯ ಮುಖವನ್ನು ಮುಟ್ಟುವ ವೇಳೆಗೆ ಒತ್ತಿನ ವಲಯದ ವ್ಯಾಸ ಸುಮಾರು 34 ಮಿ.ಮೀ. ಅದರಾಚೆಗೆ ತಗಡು ಮತ್ತು ಗೋಡೆ ಬಿಗಿಯಾಗಿ ಹಿಡಿದುಕೊಂಡಿರುವುದಿಲ್ಲ. ಬೋಲ್ಟುಗಳ ನಡುವೆ ತಗಡು ಗೋಡೆಯಿಂದ ಮೇಲೆದ್ದು ಬಾಗಬಲ್ಲುದು. ತಗಡು ತೆಳುವಾಗಿದ್ದರೆ ಅದರ ಅಂಚು ಸನ್ನೆಗೋಲಿನಂತೆ ಗೋಡೆಯನ್ನು ಮೀಟಿ, ಹೊರಗಿನ ಎಳೆತಕ್ಕಿಂತಲೂ ಹೆಚ್ಚಿನ ಬಲವನ್ನು ಬೋಲ್ಟಿನ ಮೇಲೆ ಹೇರುತ್ತದೆ. ಉಕ್ಕಿನ ರಚನೆಗಳ ವಿನ್ಯಾಸಕಾರರು ಇದನ್ನು ಪ್ರೈಯಿಂಗ್ ಎಂದು ಕರೆಯುತ್ತಾರೆ, ಮೇಲಿನ ಕೈಲೆಕ್ಕವೂ ಆಗ ಸಾಲದು. ಮುಖವನ್ನೆಲ್ಲ ಅಂಟಿಸಿದ ಮಾದರಿಯಲ್ಲಿ ತಗಡಿನ ಈ ಬಾಗುವಿಕೆಯೂ ಇಲ್ಲ, ಮೀಟುವಿಕೆಯೂ ಇಲ್ಲ. ಎರಡು ತಪ್ಪುಗಳಲ್ಲಿ ಇದು ಹೆಚ್ಚು ಅಪಾಯಕಾರಿ ಎಂದೇ ಹೇಳಬೇಕು, ಏಕೆಂದರೆ ಇದರ ಫಲಿತಾಂಶ ನೋಡಲು ಶಾಂತವಾಗಿರುತ್ತದೆ: ಹೆಚ್ಚಿನ ಪೀಡನವನ್ನು ಸೂಚಿಸುವ ಕೆಂಪು ಬಣ್ಣ ಎಲ್ಲಿಯೂ ಇಲ್ಲ, ಪ್ರಶ್ನಿಸಲು ಕಾರಣವೂ ಇಲ್ಲ.

ಭಾರ ಬೀಳುವ ತುದಿಯಲ್ಲಿಯೂ ಇದೇ ವಿವೇಚನೆ ಬೇಕು. ಒಂದೇ ನೋಡ್‌ನ ಮೇಲೆ ಇಡೀ ಬಲವನ್ನು ಇಟ್ಟರೆ, ಸ್ಥಿತಿಸ್ಥಾಪಕ ಸಿದ್ಧಾಂತದ ಪ್ರಕಾರ ಆ ಬಿಂದುವಿನಲ್ಲಿ ಪೀಡನ ಅನಂತ. ಜಾಲವನ್ನು ಸೂಕ್ಷ್ಮಗೊಳಿಸಿದಷ್ಟೂ ಅಂಕಿ ಏರುತ್ತ ಹೋಗುವುದರಿಂದ ಅಲ್ಲಿ ಓದಿದ ಯಾವ ಸಂಖ್ಯೆಗೂ ಅರ್ಥವಿಲ್ಲ. ರಂಧ್ರದೊಳಗೆ ನಿಜವಾಗಿಯೂ ದಂಡ ಒರಗುವ ಜೋಡಣೆಯಾಗಿದ್ದರೆ, ಉದಾಹರಣೆಗೆ ಕೊಂಡಿಯೊಂದರ ಕಣ್ಣಿನಲ್ಲಿ ತೂರಿಸಿದ ಪಿನ್ನಿನಂತೆ, ಒತ್ತಡ ಬೀಳುವುದು ಎದುರಿನ ಅರ್ಧ ಗೋಡೆಯ ಮೇಲೆ ಮಾತ್ರ. ಪಿನ್ನು ಒತ್ತುತ್ತದೆ, ಎಳೆಯುವುದಿಲ್ಲ. ಹಿಂದಿನ ಅರ್ಧದಲ್ಲಿ ಸಂಪರ್ಕವೇ ತಪ್ಪಿರುತ್ತದೆ. ಒತ್ತಡವು ನಡುವಿನಲ್ಲಿ ಅತಿ ಹೆಚ್ಚಾಗಿದ್ದು ಬದಿಗಳತ್ತ ಕೊಸೈನ್ ನಿಯಮದಂತೆ ಇಳಿಯುತ್ತದೆಂದು ಹಿಡಿದರೆ, ಅದರ ಗರಿಷ್ಠ ಮೌಲ್ಯ, ಬಲವನ್ನು ವ್ಯಾಸ ಮತ್ತು ದಪ್ಪದ ಗುಣಲಬ್ಧದಿಂದ ಭಾಗಿಸಿ ಬರುವ ಸರಾಸರಿಯ ಸುಮಾರು 1.27 ಪಟ್ಟು. ಅದೇ ಬಲವನ್ನು ಇಡೀ ಸುತ್ತಿನ ಮೇಲೆ ಸಮನಾಗಿ ಹಂಚಿದರೆ, ಮಾದರಿಯಲ್ಲಿ ಅರ್ಧ ಗೋಡೆ ಒತ್ತಿಸಿಕೊಳ್ಳುತ್ತದೆ, ಇನ್ನರ್ಧ ಗೋಡೆ ಅಂಟು ಹಚ್ಚಿದಂತೆ ಎಳೆಸಿಕೊಳ್ಳುತ್ತದೆ. ಬಿರುಕು ಹುಟ್ಟುವ ರಂಧ್ರದ ಬದಿಗಳಲ್ಲಿ ಪೀಡನ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ದೂರದಲ್ಲಿರುವ ಭಾರವನ್ನು ರಂಧ್ರಕ್ಕೆ ತಂದು ಜೋಡಿಸಲು ಬಳಸುವ, ಜೇಡರಬಲೆಯ ಎಳೆಗಳಂತೆ ಕಾಣುವ ಸಂಧಿಗಳಲ್ಲಿಯೂ ಎರಡು ಬಗೆಗಳಿವೆ. ನಾಸ್ಟ್ರಾನ್ ಪರಂಪರೆಯ ತಂತ್ರಾಂಶಗಳಲ್ಲಿ ಅವುಗಳ ಹೆಸರು ಆರ್‌ಬಿಇ2 ಮತ್ತು ಆರ್‌ಬಿಇ3. ಮೊದಲನೆಯದು ತಾನು ಹಿಡಿದ ನೋಡ್‌ಗಳನ್ನೆಲ್ಲ ಒಂದೇ ಗಟ್ಟಿ ವಸ್ತುವಿನಂತೆ ಕಟ್ಟಿಹಾಕುತ್ತದೆ, ಹಾಗಾಗಿ ರಂಧ್ರವು ಅಂಡಾಕಾರಕ್ಕೆ ತಿರುಗಲಾರದು, ಸುತ್ತಲಿನ ಲೋಹ ಇರುವುದಕ್ಕಿಂತ ಗಟ್ಟಿಯಾಗಿ ತೋರುತ್ತದೆ. ಎರಡನೆಯದು ಬಲವನ್ನು ನೋಡ್‌ಗಳಿಗೆ ಹಂಚುತ್ತದೆಯೇ ಹೊರತು ತನ್ನ ಕಡೆಯಿಂದ ಗಟ್ಟಿತನವನ್ನು ಸೇರಿಸುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ವಿಶ್ಲೇಷಕರ ನಡುವೆ ಮುಗಿಯದೆ ನಡೆಯುತ್ತಿರುತ್ತದೆ, ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆ ಎಳೆಗಳು ಎಲ್ಲಿ ತಾಗಬೇಕು ಎಂಬುದು. ಘರ್ಷಣೆಯಿಂದ ಭಾರ ಹೊರುವ ಜೋಡಣೆಯಲ್ಲಿ ಅವು ತಾಗಬೇಕಾದ್ದು ವಾಷರಿನ ಕೆಳಗಿನ ಉಂಗುರಾಕಾರದ ಮುಖಕ್ಕೆ ಮತ್ತು ತಗಡುಗಳು ಕೂಡುವ ಮುಖದ ಒತ್ತಿನ ವಲಯಕ್ಕೆ. ಒಳಗೋಡೆಗೆ ತಾಗಿಸಿದ ಎಳೆಗಳು ಯಾವ ಬಗೆಯವಾದರೂ ಅಲ್ಲಿ ಸಲ್ಲುವುದಿಲ್ಲ.

ಬಲದ ಮೊತ್ತ ಬದಲಾಗದೆ ದಾರಿ ಮಾತ್ರ ಬದಲಾದಾಗ ಏನಾಗಬಹುದು ಎಂಬುದಕ್ಕೆ ಅಮೆರಿಕದ ಕಾನ್ಸಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರಂದು ನಡೆದ ದುರಂತ ಸಾಕ್ಷಿ. ಅದು ಗಣಕ ವಿಶ್ಲೇಷಣೆಯ ತಪ್ಪಾಗಿರಲಿಲ್ಲ. ಆದರೆ ಈ ಲೇಖನದ ವಾದಕ್ಕೆ ಅದಕ್ಕಿಂತ ಹತ್ತಿರವಾದ ಘಟನೆ ಸಿಗುವುದು ಕಷ್ಟ. ನಾಲ್ಕನೆಯ ಮತ್ತು ಎರಡನೆಯ ಅಂತಸ್ತಿನ ತೂಗುಹಾದಿಗಳನ್ನು ಛಾವಣಿಯಿಂದ ಇಳಿಬಿಟ್ಟ ಉದ್ದನೆಯ ಅಖಂಡ ಸರಳುಗಳಿಗೆ ನಟ್ಟುಗಳ ಮೂಲಕ ತೂಗುಹಾಕುವುದು ಮೂಲ ಯೋಜನೆಯಾಗಿತ್ತು. ಆ ಏರ್ಪಾಡಿನಲ್ಲಿ ಹಾದಿಯನ್ನು ಹೊತ್ತ ಪ್ರತಿ ತೊಲೆಯ ಕೆಳಗಿನ ನಟ್ಟು ತನ್ನ ಹಾದಿಯ ಭಾರವನ್ನು ಮಾತ್ರ ಹೊರಬೇಕಿತ್ತು. ನಿರ್ಮಾಣದ ಅನುಕೂಲಕ್ಕಾಗಿ ಒಂದು ಸರಳಿನ ಬದಲು ಎರಡು ತುಂಡುಗಳನ್ನು ಬಳಸಿ, ಕೆಳಗಿನ ಹಾದಿಯನ್ನು ಮೇಲಿನ ಹಾದಿಯ ತೊಲೆಗಳಿಂದಲೇ ತೂಗುಹಾಕಲಾಯಿತು. ಹಾದಿಗಳ ತೂಕ ಹೆಚ್ಚಲಿಲ್ಲ, ಸರಳುಗಳು ತೆಳುವಾಗಲಿಲ್ಲ. ನಾಲ್ಕನೆಯ ಅಂತಸ್ತಿನ ತೊಲೆಯ ಕೆಳಗಿನ ನಟ್ಟಿನ ಪಾಲಿನ ಭಾರ ಮಾತ್ರ ಎರಡು ಪಟ್ಟಾಯಿತು. ಮೂಲ ವಿನ್ಯಾಸವೇ ನಗರದ ಕಟ್ಟಡ ನಿಯಮಗಳು ಕೇಳುವಷ್ಟು ಬಲವಾಗಿರಲಿಲ್ಲವೆಂದು ಆಮೇಲಿನ ತನಿಖೆ ಹೇಳಿತು. ನಟ್ಟುಗಳು ತೊಲೆಯ ಲೋಹವನ್ನು ಬಗ್ಗಿಸಿ ಸೀಳಿಕೊಂಡು ಮೇಲೆ ಬಂದವು, ಹಾದಿಗಳು ಕುಸಿದು 114 ಮಂದಿ ಸತ್ತರು. ಒಂದು ನಟ್ಟಿನ ನೆರೆಯ ಬಲಚಿತ್ರವನ್ನು, ಅಂದರೆ ಆ ಭಾಗವನ್ನು ಬಿಡಿಯಾಗಿ ಬರೆದು ಅದರ ಮೇಲಿನ ಬಾಣಗಳನ್ನೆಲ್ಲ ಗುರುತಿಸುವ ಫ್ರೀ ಬಾಡಿ ಡಯಾಗ್ರಮನ್ನು, ಕಾಗದದ ಮೇಲೆ ಬರೆದಿದ್ದರೆ ಆ ಎರಡು ಪಟ್ಟು ಅಲ್ಲಿಯೇ ಕಣ್ಣಿಗೆ ಬೀಳುತ್ತಿತ್ತು.

ಪೂರ್ವಬಿಗಿತವನ್ನು ಗಣಕದ ಮಾದರಿಯಲ್ಲಿ ಸೇರಿಸುವುದು ಇಂದು ಕಷ್ಟದ ಕೆಲಸವಲ್ಲ. ಬೋಲ್ಟಿನ ದಂಡವನ್ನು ಮಾದರಿಯಲ್ಲಿ ಅಡ್ಡಲಾಗಿ ಕತ್ತರಿಸಿ, ಆ ಎರಡು ಮುಖಗಳನ್ನು ಬೇಕಾದ ಬಲ ಬರುವವರೆಗೆ ಪರಸ್ಪರ ಎಳೆದು, ಆ ಸ್ಥಿತಿಯಲ್ಲಿ ಬೀಗ ಹಾಕಿ, ಎರಡನೆಯ ಹಂತದಲ್ಲಿ ಹೊರಗಿನ ಭಾರವನ್ನು ಸೇರಿಸುವ ಸೌಲಭ್ಯ ಪ್ರಮುಖ ತಂತ್ರಾಂಶಗಳಲ್ಲೆಲ್ಲ ಇದೆ. ಈ ಎರಡು ಹಂತಗಳ ಕ್ರಮ ಮುಖ್ಯ. ಬೀಗ ಹಾಕದೆ ಬಿಗಿತವನ್ನು ಸ್ಥಿರವಾದ ಬಲವಾಗಿಯೇ ಇಟ್ಟುಬಿಟ್ಟರೆ, ಹೊರಗಿನ ಭಾರ ಬಂದಾಗಲೂ ಬೋಲ್ಟು 25 ಕಿಲೋನ್ಯೂಟನ್ನಿನಲ್ಲೇ ನಿಂತು, ತನ್ನ ಪಾಲಿನ 720 ನ್ಯೂಟನ್ನನ್ನು ತೆಗೆದುಕೊಳ್ಳುವುದೇ ಇಲ್ಲ. ದಣಿವಿನ ಲೆಕ್ಕಕ್ಕೆ ಬೇಕಾದ ಅಂಕಿಯೇ ಮಾಯವಾಗುತ್ತದೆ. ತಗಡುಗಳ ನಡುವಿನ ಸಂಪರ್ಕವನ್ನು ಬೇರ್ಪಡಲೂ ಜಾರಲೂ ಅವಕಾಶವಿರುವಂತೆ ನಿರೂಪಿಸಬೇಕು. ಅವನ್ನು ಬಾಂಡೆಡ್ ಎಂಬ ಆಯ್ಕೆಯಿಂದ ಬೆಸೆದುಬಿಟ್ಟರೆ ಬೋಲ್ಟನ್ನು ಮಾದರಿಯಲ್ಲಿ ಇಟ್ಟಿದ್ದೂ ವ್ಯರ್ಥ.

ಆದರೆ 25 ಕಿಲೋನ್ಯೂಟನ್ ಎಂಬ ಅಂಕಿಯನ್ನೇ ಎಷ್ಟು ನಂಬಬಹುದು? ಸ್ಪಾನರಿಗೆ ಕೊಟ್ಟ ತಿರುಚು ಬಲದಲ್ಲಿ, ಅಂದರೆ ಟಾರ್ಕಿನಲ್ಲಿ, ಸುಮಾರು ಅರ್ಧ ತಲೆಯ ಕೆಳಗಿನ ಘರ್ಷಣೆಗೂ, ಐದನೆಯ ಎರಡು ಭಾಗ ಎಳೆಗಳ ಘರ್ಷಣೆಗೂ ಹೋಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೆಯ ಒಂದು ಭಾಗ. ಘರ್ಷಣೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಆ ಹತ್ತನೆಯ ಭಾಗ ಬಹಳ ಏರುಪೇರಾಗುತ್ತದೆ. ಒಣಗಿದ ಎಂ10 ಬೋಲ್ಟಿಗೆ 25 ಕಿಲೋನ್ಯೂಟನ್ ತರಲು ವಾಡಿಕೆಯ ಲೆಕ್ಕದಂತೆ 50 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಆ ಲೆಕ್ಕದಲ್ಲಿ ಬಳಸುವ ಗುಣಾಂಕ 0.2. ಎಣ್ಣೆ ತಾಗಿ ಗುಣಾಂಕ 0.15ಕ್ಕೆ ಇಳಿದರೆ ಅದೇ ಟಾರ್ಕಿನಲ್ಲಿ ಬಿಗಿತ 33 ಕಿಲೋನ್ಯೂಟನ್ ದಾಟಿ ಪ್ರೂಫ್ ಲೋಡಿನ ಹೊಸ್ತಿಲಿಗೆ ಬರುತ್ತದೆ, ತುಕ್ಕಿನಿಂದ 0.25ಕ್ಕೆ ಏರಿದರೆ 20ಕ್ಕೆ ಕುಸಿಯುತ್ತದೆ. ಬಿಗಿದ ಮೇಲೆಯೂ ಇಳಿಕೆ ನಿಲ್ಲುವುದಿಲ್ಲ. 40 ಮಿ.ಮೀ. ಹಿಡಿತದ ಉದ್ದವಿರುವ ಎಂ10 ಬೋಲ್ಟು 25 ಕಿಲೋನ್ಯೂಟನ್ನಿಗೆ ಹಿಗ್ಗುವುದು ಒಂದು ಮಿ.ಮೀ.ನ ನೂರರಲ್ಲಿ ಆರರಿಂದ ಎಂಟು ಭಾಗ ಮಾತ್ರ. ಬಣ್ಣದ ಪದರವೋ ಮೇಲ್ಮೈಯ ಒರಟೋ ನೂರರಲ್ಲಿ ಒಂದು ಭಾಗದಷ್ಟು ಕುಸಿದರೆ ಬಿಗಿತದ ಸುಮಾರು ಹತ್ತನೆಯ ಒಂದು ಭಾಗ ಹೋಗುತ್ತದೆ. ಇದರ ಮೇಲೆ, ಬೋಲ್ಟಿನ ಅಡ್ಡಕ್ಕೆ ಮತ್ತೆಮತ್ತೆ ಜಾರಿಕೆ ನಡೆದರೆ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆಂಬುದನ್ನು ಜರ್ಮನಿಯ ಯುಂಕರ್ 1969ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಆದ್ದರಿಂದ ಒಂದೇ ಬಿಗಿತದ ಅಂಕಿಯಿಂದ ಮಾಡಿದ ವಿಶ್ಲೇಷಣೆ ಅರ್ಧ ವಿಶ್ಲೇಷಣೆ. ತಗಡುಗಳು ಜಾರುತ್ತವೆಯೇ, ಬೇರ್ಪಡುತ್ತವೆಯೇ ಎಂಬ ಪ್ರಶ್ನೆಗೆ ಇರಬಹುದಾದ ಕನಿಷ್ಠ ಬಿಗಿತವನ್ನು ಹಿಡಿಯಬೇಕು. ಬೋಲ್ಟು ಶಾಶ್ವತವಾಗಿ ಹಿಗ್ಗುತ್ತದೆಯೇ, ವಾಷರಿನ ಕೆಳಗಿನ ಲೋಹ ನಜ್ಜಾಗುತ್ತದೆಯೇ ಎಂಬ ಪ್ರಶ್ನೆಗೆ ಗರಿಷ್ಠ ಬಿಗಿತವನ್ನು. ಅಲ್ಯೂಮಿನಿಯಮ್ ಭಾಗಗಳಲ್ಲಿ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಂದೆ ಬರುವುದೂ ಉಂಟು. ಹೆಚ್ಚು ಭಾರದ ಬೋಲ್ಟ್ ಜೋಡಣೆಗಳ ಲೆಕ್ಕಕ್ಕಾಗಿ ಜರ್ಮನಿಯ ಇಂಜಿನಿಯರುಗಳ ಸಂಘ ಹೊರತಂದ ವಿಡಿಐ 2230 ಮಾರ್ಗಸೂಚಿ ಈ ಎರಡು ಎಲ್ಲೆಗಳ ಲೆಕ್ಕವನ್ನು ಕಡ್ಡಾಯದಂತೆ ಪರಿಗಣಿಸುತ್ತದೆ.

ಇಷ್ಟೆಲ್ಲ ಮಾಡುವುದು ಅನಗತ್ಯ ಎಂಬ ವಾದಕ್ಕೂ ತಕ್ಕ ಮರ್ಯಾದೆ ಸಲ್ಲಬೇಕು. ನೂರಾರು ಬೋಲ್ಟುಗಳಿರುವ ವಾಹನದ ಚೌಕಟ್ಟಿನಲ್ಲಿ ಪ್ರತಿಯೊಂದಕ್ಕೂ ಸಂಪರ್ಕ, ಘರ್ಷಣೆ, ಬಿಗಿತಗಳನ್ನು ಸೇರಿಸಿದರೆ ಲೆಕ್ಕ ದಿನಗಟ್ಟಲೆ ಓಡುತ್ತದೆ ಎಂಬುದು ನಿಜ. ಬಲವನ್ನು ಹೇರಿದ ಬಗೆಯಲ್ಲಿನ ವ್ಯತ್ಯಾಸ ಹತ್ತಿರದಲ್ಲಷ್ಟೇ ಕಾಣುತ್ತದೆ, ದೂರ ಸರಿದಂತೆ ಅಳಿಸಿಹೋಗುತ್ತದೆ ಎಂಬ ಫ್ರಾನ್ಸಿನ ಸಾಂ ವೆನಾಂ ಅವರ ಹತ್ತೊಂಬತ್ತನೆಯ ಶತಮಾನದ ತತ್ವವೂ ನಿಜ. ವಿಡಿಐ ಮಾರ್ಗಸೂಚಿಯ ಎರಡನೆಯ ಭಾಗವೇ ಬೋಲ್ಟಿನ ಮಾದರಿಯನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಬೋಲ್ಟನ್ನೇ ಬಿಟ್ಟುಬಿಡುವ ಸರಳ ಮಾದರಿಯಿಂದ ಹಿಡಿದು ಎಳೆಗಳನ್ನೂ ಕೆತ್ತಿದ ಸವಿವರ ಮಾದರಿಯವರೆಗೆ ಎಲ್ಲಕ್ಕೂ ಜಾಗ ಕೊಟ್ಟಿದೆ. ಬ್ರಾಕೆಟ್ಟಿನ ಹೊರತುದಿಯ ಪೀಡನವಷ್ಟೇ ಬೇಕಿದ್ದರೆ ಸರಳ ಮಾದರಿ ಸಾಕು. ಆದರೆ ಸಾಂ ವೆನಾಂ ತತ್ವಕ್ಕೊಂದು ಷರತ್ತಿದೆ: ಬದಲಾಯಿಸಿದ ಬಲದ ಮೊತ್ತವೂ ಮೊಮೆಂಟೂ ಮೂಲದ್ದಕ್ಕೆ ಸಮನಾಗಿರಬೇಕು. ಮೇಲಿನ ಉದಾಹರಣೆಯಲ್ಲಿ ಕೆಳಗಿನ ರಂಧ್ರಗಳು ಎಳೆತದಿಂದ ಒತ್ತಿಗೆ ತಿರುಗಿದ್ದು ಆ ತತ್ವದ ಆಶ್ರಯಕ್ಕೆ ಬರುವ ತಪ್ಪಲ್ಲ. ರಂಧ್ರಗಳನ್ನು ಬಿಗಿಯಾಗಿ ಹಿಡಿದರೆ ಪೀಡನ ಹೆಚ್ಚಾಗಿಯೇ ಬರುತ್ತದೆ, ಹಾಗಾಗಿ ಅದು ಸುರಕ್ಷಿತ ಬದಿಯ ತಪ್ಪು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಇರುವುದಕ್ಕಿಂತ ಗಟ್ಟಿಯಾದ ಆಧಾರವು ಭಾರವನ್ನು ತನ್ನತ್ತ ಸೆಳೆದುಕೊಂಡು ಬೇರೆ ಭಾಗಗಳನ್ನು ನಿಜಕ್ಕಿಂತ ಹಗುರವಾಗಿ ತೋರಿಸುತ್ತದೆ. ಬಾಗುವಿಕೆಯನ್ನು ಕಡಿಮೆಯಾಗಿ, ಸಹಜ ಕಂಪನದ ಆವರ್ತನವನ್ನು ಹೆಚ್ಚಾಗಿ ತೋರಿಸಿ, ಇಂಜಿನ್ನಿನ ಕಂಪನದೊಡನೆ ಅನುರಣಿಸುವ ಬ್ರಾಕೆಟ್ಟನ್ನೂ ಸುರಕ್ಷಿತವೆಂದು ದಾಟಿಸಿಬಿಡುತ್ತದೆ.

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪರಿಮಿತ ಘಟಕ ವಿಶ್ಲೇಷಣೆ ಯಂತ್ರಶಿಲ್ಪದ ವಿದ್ಯಾರ್ಥಿಗಳಿಗೆ ಪಠ್ಯವಾಗಿದೆ, ಬೆಂಗಳೂರಿನ ವಿಮಾನ ಮತ್ತು ವಾಹನ ವಿನ್ಯಾಸ ಕಚೇರಿಗಳಲ್ಲಿ ಅದು ಬಹಳ ಮಂದಿಯ ದಿನನಿತ್ಯದ ಕೆಲಸ. ಪಠ್ಯದಲ್ಲಿ ಹೆಚ್ಚಿನ ಸಮಯ ಹೋಗುವುದು ಸಮೀಕರಣಗಳನ್ನು ಜೋಡಿಸುವ ಗಣಿತಕ್ಕೆ. ಆ ಗಣಿತವನ್ನು ತಂತ್ರಾಂಶ ಹೇಗೂ ಮಾಡುತ್ತದೆ. ನಾಲ್ಕು ಬೋಲ್ಟುಗಳ ಒಂದು ಬ್ರಾಕೆಟ್ಟನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು, ಸ್ಪಾನರಿನಿಂದ ಬಿಗಿಸಿ, ಭಾರ ತೂಗುಹಾಕಿಸಿ, ಪ್ರತಿ ಬೋಲ್ಟಿನ ಬಳಿ ಎಷ್ಟು ಬಲ, ಯಾವ ದಿಕ್ಕಿಗೆ, ಯಾವ ಮುಖದ ಮೂಲಕ ಎಂಬುದನ್ನು ಗಣಕ ತೆರೆಯುವ ಮೊದಲೇ ಕಾಗದದ ಮೇಲೆ ಬರೆಸುವ ಒಂದು ಪ್ರಯೋಗವನ್ನು ಅಧ್ಯಾಪಕರು ಪಾಠಕ್ಕೆ ಸೇರಿಸಬೇಕು. ಕಚೇರಿಗಳಲ್ಲಿ ಫಲಿತಾಂಶವನ್ನು ಪರಿಶೀಲಿಸುವ ಹಿರಿಯರು ಬಣ್ಣದ ಚಿತ್ರಕ್ಕಿಂತ ಮೊದಲು ಆಧಾರಗಳಲ್ಲಿನ ಪ್ರತಿಬಲಗಳ ಪಟ್ಟಿಯನ್ನು ಕೇಳಬೇಕು, ಅದರ ಪಕ್ಕದಲ್ಲಿ ಕೈಲೆಕ್ಕದ ಅಂಕಿಗಳನ್ನು ಇಡಿಸಬೇಕು, ಯಾವುದಾದರೂ ಬೋಲ್ಟು ತಗಡನ್ನು ತಳ್ಳುತ್ತಿರುವಂತೆ ಕಂಡರೆ ಆ ಮಾದರಿಯನ್ನು ಅಲ್ಲಿಂದಲೇ ಹಿಂದಿರುಗಿಸಬೇಕು.